ಹಳೇ ಅಲ್ಟ್ರಾಸೌಂಡಿನಲ್ಲಿ ಇಲಿಯ ಗಡ್ಡೆ ಅಳೆದದ್ದು: ನನ್ನ ಅನುಭವ

"ಅದು ಮನುಷ್ಯರ ಮಷಿನ್, ಅದರಲ್ಲಿ ಇಲಿಯ ಪ್ಯಾಂಕ್ರಿಯಾಸ್ ಎಲ್ಲಿ ಕಾಣುತ್ತೆ?" ಅಂತ ಲ್ಯಾಬಿನಲ್ಲಿ ಎಲ್ಲರೂ ಕೇಳಿದ್ದರು. ಕಂಡಿತು. ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕ್ಯಾನ್ಸರಿಗೆ ನಮ್ಮ ಲ್ಯಾಬಿನ ಒಂದು ಕಾಂಪೌಂಡ್ ಕೆಲಸ ಮಾಡುತ್ತಾ ಅಂತ ಇಲಿಗಳಲ್ಲಿ ನೋಡುತ್ತಿದ್ದೇನೆ. ಕಳೆದ ಬ್ಯಾಚಿನ 24 ಇಲಿಗಳಲ್ಲಿ 21ರ ಗಡ್ಡೆಯನ್ನು ಅದೇ ಮಷಿನ್‌ನಲ್ಲಿ ಅಳೆದು, ಅಳತೆ ನೋಡಿಯೇ ಔಷಧಿ ಶುರು ಮಾಡಿದೆ. ಇದೇ ಕೆಲಸದಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಅನಸ್ತೀಸಿಯಾ, ಹೊಲಿಗೆ, ಎಥಿಕ್ಸ್ ಕಮಿಟಿ ಅರ್ಜಿ ಎಲ್ಲ ನಿಮಗೆ ಗೊತ್ತಿರುವುದೇ.

ಮೊದಲು ಹಾಳಾದ ದುಡ್ಡಿನ ವಿಷಯ. ಒಂದು ವರ್ಷ ಪೂರ್ತಿ ಪ್ಯಾನ್02 ಅನ್ನುವ ಇಲಿಯ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಸೆಲ್‌ಗಳ ಹಿಂದೆ ಹೋಯಿತು. ಸುಲಭಕ್ಕೆ ಸಿಗುತ್ತೆ, ಬೇಗ ಬೆಳೆಯುತ್ತೆ. ಆದರೆ ಅದರಲ್ಲಿ ಕೆರಾಸ್ ಅನ್ನುವ ಜೀನಿನ ಮ್ಯುಟೇಶನ್ನೇ ಇಲ್ಲ. ರೋಗಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನಕ್ಕೆ ಇರುತ್ತೆ, ಅಲ್ವಾ? ಸಾಲದ್ದಕ್ಕೆ ಚರ್ಮದ ಕೆಳಗೆ ಹಾಕಿದ್ದೆ. ಈ ಕ್ಯಾನ್ಸರಿಗೆ ಕೊಡುವ ಕೀಮೋ ಔಷಧಿ ಜೆಮ್‌ಸಿಟಾಬಿನ್ ಕೊಟ್ಟರೂ ಗಡ್ಡೆ ಕರಗಿತು, ನಮ್ಮ ಕಾಂಪೌಂಡ್ ಕೊಟ್ಟರೂ ಕರಗಿತು. ಏನು ಕೊಟ್ಟರೂ ಕರಗುವ ಗಡ್ಡೆಯಿಂದ ಏನೂ ತಿಳಿಯಲ್ಲ. ಸುಮಾರು ಎರಡೂವರೆ ಲಕ್ಷ ರೂಪಾಯಿ ಅಲ್ಲಿಗೇ ಮುಗಿಯಿತು.

ಸರಿಯಾದ ಇಲಿ ಅಂದರೆ 2005ರಲ್ಲಿ ಬಂದ ಕೆಪಿಸಿ, ಜೀನ್ ಬದಲಾಯಿಸಿದ್ದರಿಂದ ಪ್ಯಾಂಕ್ರಿಯಾಸಿನಲ್ಲಿ ತಾನಾಗೇ ಕ್ಯಾನ್ಸರ್ ಬರುವ ಇಲಿ. ಅದನ್ನು ಸಾಕುವ ಶಕ್ತಿ ನಮಗಿಲ್ಲ. ಬದಲಾಯಿಸಿದ ಮೂರು ಜೀನ್ ಒಂದೇ ಮರಿಯಲ್ಲಿ ಸೇರಬೇಕು, ಎಂಟು ಮರಿಗೆ ಒಂದು ಸಿಗುತ್ತೆ. ಆಮೇಲೂ ಗಡ್ಡೆ ಯಾವ ತಿಂಗಳು ಏಳುತ್ತೆ ಅಂತ ಹೇಳಲಾಗದು. ಹಾಗಾಗಿ ಕೆಪಿಸಿ ಗಡ್ಡೆಯಿಂದ ಬೆಳೆಸಿದ ಸೆಲ್‌ಗಳನ್ನು ಬ್ಲ್ಯಾಕ್-6 ಅನ್ನುವ ಲ್ಯಾಬಿನ ಮಾಮೂಲಿ ಕಪ್ಪು ಇಲಿಯ ಪ್ಯಾಂಕ್ರಿಯಾಸ್‌ಗೇ ಹಾಕಲು ಶುರು ಮಾಡಿದೆ.

ಎಡ ಪಕ್ಕೆಯಲ್ಲಿ ಚಿಕ್ಕ ಕೊಯ್ತ. ಪೊರೆಯ ಕೆಳಗೆ ಸ್ಪ್ಲೀನ್ (ಗುಲ್ಮ) ಕಡು ಕೆಂಪಗೆ ಕಾಣುತ್ತೆ. ಅದನ್ನು ಮೆಲ್ಲಗೆ ಹೊರಗೆ ಎಳೆದರೆ ಪ್ಯಾಂಕ್ರಿಯಾಸಿನ ಬಾಲ ಜೊತೆಗೇ ಬರುತ್ತೆ, ತಿಳಿ ಗುಲಾಬಿ, ಬಲು ಮೆತ್ತಗೆ. ಮೊದಮೊದಲು ಸೆಲ್‌ಗಳನ್ನು ಪಿಬಿಎಸ್ ಅನ್ನುವ ಉಪ್ಪುನೀರಿನಲ್ಲಿ ಕಲಸಿ 50 ಮೈಕ್ರೋಲೀಟರ್ ಹಾಕುತ್ತಿದ್ದೆ. ಅರ್ಧದಷ್ಟು ಸೋರಿತು. ಮೂರು ವಾರ ಬಿಟ್ಟು ತೆರೆದರೆ ಹೊಟ್ಟೆಯೊಳಗೆಲ್ಲ ಸಬ್ಬಕ್ಕಿ ಚೆಲ್ಲಿದ ಹಾಗೆ ಗಂಟುಗಳು. ಈಗ ಮ್ಯಾಟ್ರಿಜೆಲ್‌ನಲ್ಲಿ (ತಣ್ಣಗಿದ್ದರೆ ನೀರಾಗಿದ್ದು, ಬೆಚ್ಚಗಾದರೆ ಗಟ್ಟಿಯಾಗುವ ಜೆಲ್) 30 ಮೈಕ್ರೋಲೀಟರ್, ಸುಮಾರು 50,000 ಸೆಲ್. ಸಿರಿಂಜ್ ಐಸ್ ಮೇಲೇ ಇರಬೇಕು. ಬೊಬ್ಬೆಯ ಹಾಗೆ ಉಬ್ಬಿದ ಮೇಲೆ ಸೂಜಿ ಅಲ್ಲಾಡಿಸದೆ ನಿಧಾನಕ್ಕೆ ಅರವತ್ತು ಎಣಿಸುತ್ತೇನೆ. ಸೂಜಿ ಹೊರಗೆ ತೆಗೆಯುವಾಗ ನಾನು ಮಾಡುವುದೊಂದಿದೆ, ಅದನ್ನು ಪೇಪರ್ ಬಂದ ಮೇಲೆ ಹೇಳುತ್ತೇನೆ. ಈಗ ಹತ್ತರಲ್ಲಿ ಒಂದು ಸೋರಿದರೆ ಜಾಸ್ತಿ.

ಮ್ಯಾಟ್ರಿಜೆಲ್ ಒಂದು ಸಲ ಶುಕ್ರವಾರ ಸಂಜೆ ಬಂತು, ಡ್ರೈ ಐಸ್ ಪೂರ್ತಿ ಖಾಲಿ. ಬಾಟಲಿಯೊಳಗೇ ಗಟ್ಟಿಯಾಗಿತ್ತು. ಮೂವತ್ತು ಸಾವಿರದ ಮೇಲೆ ಹೋಯಿತು. ಕಳಿಸಿದವರು ದುಡ್ಡು ವಾಪಸ್ ಕೊಡಲಿಲ್ಲ.

ಗಡ್ಡೆ ಸರಿಯಾಗಿ ಕೂರಲು ಶುರುವಾದ ಮೇಲೆ ಇನ್ನೊಂದು ತಪ್ಪು ಮಾಡಿದೆ. ಮೂರನೇ ದಿನಕ್ಕೇ ಔಷಧಿ ಕೊಟ್ಟೆ. ರಿಸಲ್ಟ್ ಬಹಳ ಚೆನ್ನಾಗಿ ಬಂತು, ಗಡ್ಡೆಯ ತೂಕ ಅರ್ಧಕ್ಕಿಳಿಯಿತು. ಆದರೆ ಮೂರನೇ ದಿನ ಅಲ್ಲಿ ಇರುವುದು ಒಂದಿಷ್ಟು ಸೆಲ್ ಅಷ್ಟೇ. ಕ್ಯಾನ್ಸರ್ ಸೆಲ್‌ಗಳ ಸುತ್ತ ಕಟ್ಟಿಕೊಂಡು ಔಷಧಿಯನ್ನು ತಡೆಯುವ ಆ ಗಟ್ಟಿ ನಾರಿನ ಅಂಗಾಂಶ, ಅಂದರೆ ಸ್ಟ್ರೋಮಾ, ಇನ್ನೂ ಹುಟ್ಟಿರಲ್ಲ. ಹನ್ನೆರಡನೇ ದಿನಕ್ಕೆ ಮುಂದೂಡಿದೆ. ಆಗ ಒಂದು ಇಲಿಯ ಗಡ್ಡೆ 2 ಮಿಲಿಮೀಟರ್, ಪಕ್ಕದ್ದರದು 8. ಒಳಗೆ ನೋಡದೆ ಬೇರೆ ದಾರಿ ಇರಲಿಲ್ಲ.

ಇಲಿಗಳಿಗೇ ಮಾಡಿದ ಅಲ್ಟ್ರಾಸೌಂಡಿನ ಕೊಟೇಶನ್ ಕೋಟಿ ದಾಟಿತ್ತು. ಸೆಲ್‌ಗಳು ಬೆಳಕು ಹೊಮ್ಮಿಸುವ ಹಾಗೆ ಮಾಡುವ ಲೂಸಿಫರೇಸ್ ಪ್ರೋಟೀನ್ ಬಳಸಿ, ಆ ಬೆಳಕನ್ನು ಕ್ಯಾಮೆರಾದಲ್ಲಿ ಅಳೆಯಿರಿ ಅಂತ ಕೆಲವರು ಅಂದರು. ಕಪ್ಪು ಕೂದಲು ಬೆಳಕು ನುಂಗುತ್ತೆ, ಗಂಟೆಗೆ ಬಾಡಿಗೆ ಬೇರೆ. ಲೂಸಿಫರೇಸ್ ಪ್ರೋಟೀನನ್ನೇ ಇಲಿಯ ಇಮ್ಯೂನಿಟಿ ಹೊರಗಿನದು ಅಂತ ಗುರುತಿಸಬಹುದು ಅನ್ನುವ ಅನುಮಾನವೂ ಇತ್ತು.

ಕೊನೆಗೆ ಸಿಕ್ಕಿದ್ದು ಒಂದು ನರ್ಸಿಂಗ್ ಹೋಮ್ ಬದಿಗಿಟ್ಟಿದ್ದ ಮಷಿನ್. ಕೀಲು, ರಕ್ತನಾಳ ನೋಡುವ ಲೀನಿಯರ್ ಪ್ರೋಬ್, 15 ಮೆಗಾಹರ್ಟ್ಸ್ ಆಸುಪಾಸು. ರಿಪೇರಿ ಸೇರಿ ಒಂದೂಕಾಲು ಲಕ್ಷ. ಮೊದಲ ವಾರ ಬರೀ ಬೂದು ಮಂಜು ಕಂಡಿತು. ಪ್ರೋಬ್ ಚರ್ಮಕ್ಕೆ ತೀರಾ ಹತ್ತಿರ ಇತ್ತು. ನಡುವೆ ಅರ್ಧ ಇಂಚು ಜೆಲ್ ಹಾಕಿದ ಮೇಲೆ ಕಿಡ್ನಿ ತೆರೆದುಕೊಂಡಿತು. ಎಡ ಕಿಡ್ನಿ ಹಿಡಿದು ಸ್ಪ್ಲೀನ್ ಕಡೆ ಸರಿದರೆ ನಡುವೆ ಕಪ್ಪಗೆ, ದುಂಡಗೆ ಗಡ್ಡೆ. ತಣ್ಣನೆ ಜೆಲ್‌ನಿಂದ ಎರಡು ಇಲಿ ಸತ್ತವು, ಆ ನೋವು ಇನ್ನೂ ಇದೆ. ಈಗ ಜೆಲ್ಲನ್ನು ಫಾಲ್ಕನ್ ಟ್ಯೂಬಿಗೆ ತುಂಬಿ, ಗುಳ್ಳೆ ಹೋಗಲು ಐದು ನಿಮಿಷ ಸೆಂಟ್ರಿಫ್ಯೂಜ್ ಮಾಡಿ, 37 ಡಿಗ್ರಿ ನೀರಿನಲ್ಲಿ ಇಟ್ಟಿರುತ್ತೇನೆ. ಹೊಟ್ಟೆಯ ಗ್ಯಾಸ್ ಕಡಿಮೆ ಆಗಲಿ ಅಂತ ನಾಲ್ಕು ಗಂಟೆ ಉಪವಾಸವನ್ನೂ ಹಾಕಿ ನೋಡಿದೆ. ಉಪಯೋಗ ಇಲ್ಲ, ಸುಮ್ನೆ ತೂಕ ಇಳಿಯಿತು. ಬಲ ಮಗ್ಗುಲಿಗೆ ಮಲಗಿಸಿದರೆ ಸಾಕು. ಆಮೇಲೆ ಕತ್ತರಿಸಿ ಕ್ಯಾಲಿಪರ್‌ನಲ್ಲಿ ನೋಡಿದರೆ ಹೆಚ್ಚಿನವು ಒಂದು ಮಿಲಿಮೀಟರ್ ಒಳಗೇ ಹೊಂದಿದವು. ಇದನ್ನು ಪ್ರಿಂಟ್ ತೆಗೆದು ಲ್ಯಾಬ್ ಗೋಡೆಗೆ ಅಂಟಿಸಿದ್ದೇನೆ.

ಈಗ ಗಡ್ಡೆ 5 ಮಿಲಿಮೀಟರ್ ಆದ ದಿನವೇ ಆ ಇಲಿಗೆ ಔಷಧಿಯ ಮೊದಲ ದಿನ. ಹಾಗೆ ಮಾಡಿದಾಗ ನಮ್ಮ ಕಾಂಪೌಂಡ್ ಒಂದೇ ಕೊಟ್ಟರೆ ಏನೂ ಆಗಲಿಲ್ಲ. ಜೆಮ್‌ಸಿಟಾಬಿನ್ ಸ್ವಲ್ಪ ತಡೆಯಿತು. ಎರಡೂ ಸೇರಿಸಿದಾಗ ಆರೇಳು ದಿನ ಜಾಸ್ತಿ ಬದುಕಿದವು. ಗುಂಪಿಗೆ ಐದಾರೇ ಇಲಿ, ಆದರೂ ಮೂರನೇ ದಿನದ ಆ ದೊಡ್ಡ ರಿಸಲ್ಟಿಗಿಂತ ಈ ಆರು ದಿನವನ್ನು ನಾನು ನಂಬುತ್ತೇನೆ. ಹಾಗಂತ ರೋಗಿಗೂ ಇದೇ ಆಗುತ್ತೆ ಅನ್ನಲ್ಲ. 2009ರಲ್ಲಿ ಕೇಂಬ್ರಿಡ್ಜ್‌ನವರು ಕೆಪಿಸಿ ಇಲಿಗಳಲ್ಲಿ ಹೆಡ್ಜ್‌ಹಾಗ್ ಅನ್ನುವ ಸೆಲ್‌ಗಳ ನಡುವಿನ ಸಿಗ್ನಲ್ ತಡೆಯುವ ಔಷಧಿಯನ್ನು ಜೆಮ್‌ಸಿಟಾಬಿನ್ ಜೊತೆ ಕೊಟ್ಟಾಗ ಆಯಸ್ಸು ಎರಡರಷ್ಟಾಗಿತ್ತು. ಅದೇ ಔಷಧಿಯ ಟ್ರಯಲ್ ರೋಗಿಗಳಲ್ಲಿ 2012ರಲ್ಲಿ ನಿಂತುಹೋಯಿತು. ಅದಕ್ಕೇ ಬೇರೆ ಎರಡು ಕೆಪಿಸಿ ಸೆಲ್ ಲೈನ್‌ಗಳಲ್ಲಿ ಇದನ್ನೇ ಮತ್ತೆ ಮಾಡುತ್ತಿದ್ದೇನೆ.

ನಮ್ಮ ಅನಿಮಲ್ ಹೌಸಿನ ಅಣ್ಣ ದಿನಾ ಬೆಳಿಗ್ಗೆ ಏಳಕ್ಕೆ ತೂಕ ಹಾಕುತ್ತಾರೆ. ನಿನ್ನೆ ಫೋನ್ ಮಾಡಿ, "ಮೇಡಂ, ಒಂಬತ್ತನೇ ಕೇಜಿನದು ಬೆನ್ನು ಗೂನು ಮಾಡ್ಕೊಂಡು ಮೂಲೇಲಿ ಕೂತಿದೆ" ಅಂದರು. ತೂಕ ಶೇಕಡಾ 15 ಇಳಿದಿತ್ತು. ಅದನ್ನು ಇನ್ನೊಂದು ದಿನ ಇಟ್ಟುಕೊಳ್ಳಲಿಲ್ಲ. ಆ ಬ್ಯಾಚಿನಲ್ಲಿ ಇನ್ನು ಹದಿನೇಳು ಇವೆ.