ಈಜಿದ ಮೇಲೆ ಮೂಗು ಕಟ್ಟಿದರೆ

ಕ್ಲೋರಿನ್ ನೀರು ಮೂಗಿನ ಒಳಪದರವನ್ನು ಕೆರಳಿಸುತ್ತದೆ, ಪದರ ಊದಿ ಮೂಗು ಕಟ್ಟುತ್ತದೆ. ಈಜಿದ ದಿನವೇ ಉಪ್ಪುನೀರಲ್ಲಿ ತೊಳೆದರೆ ಬಹುತೇಕ ಹಗುರಾಗುತ್ತದೆ.

250 ಮಿ.ಲೀ. ನೀರಿಗೆ ಅಯೋಡಿನ್ ಇಲ್ಲದ ಪುಡಿ ಉಪ್ಪು ಸುಮಾರು 2.25 ಗ್ರಾಂ, ಅಂದರೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ, ಜೊತೆಗೆ ಚಿಟಿಕೆ ಅಡುಗೆ ಸೋಡಾ. ಉಪ್ಪು ಕಡಿಮೆಯಾದರೂ ಉರಿ, ಹೆಚ್ಚಾದರೂ ಉರಿ. ನಮ್ಮ ಕೋಲಾರದ ಬೋರ್‌ವೆಲ್ ನೀರನ್ನಾಗಲಿ, ಫಿಲ್ಟರ್ ನೀರನ್ನಾಗಲಿ ನೇರವಾಗಿ ಮೂಗಿಗೆ ಹಾಕಲೇಬೇಡಿ. ಅಪರೂಪಕ್ಕಾದರೂ ಮಿದುಳಿಗೆ ಏರುವ ಅಮೀಬಾ ಬರುವುದು ಮೂಗಿನ ದಾರಿಯಲ್ಲೇ. ಚೆನ್ನಾಗಿ ಮರಳುವಂತೆ ಒಂದೆರಡು ನಿಮಿಷ ಕುದಿಸಿ, ಉಗುರುಬೆಚ್ಚಗೆ ಆರಿಸಿ.

ಸಿಂಕ್ ಮೇಲೆ ಬಗ್ಗಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಬಾಯಲ್ಲಿ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ನೇತಿ ಪಾತ್ರೆಯಿಂದ (ಮೂಗು ತೊಳೆಯುವ ಕೊಳವೆ ಮೂತಿಯ ಪಾತ್ರೆ) ನಿಧಾನವಾಗಿ ಸುರಿಯಿರಿ. ಕೆಳಗಿನ ಹೊಳ್ಳೆಯಿಂದ ಇಳಿಯುತ್ತದೆ. ಆಮೇಲೆ ಜೋರಾಗಿ ಮೂಗು ಊದಬೇಡಿ, ನೀರು ಕಿವಿಗೆ ನುಗ್ಗಬಹುದು. ಎರಡೂ ಹೊಳ್ಳೆ ತೆರೆದಿಟ್ಟು ಮೆಲ್ಲಗೆ ಊದಿ. ಮಕ್ಕಳಿಗೆ ಪಾತ್ರೆ ಬೇಡ, ಮೆಡಿಕಲ್‌ನಲ್ಲಿ ಸಿಗುವ ಸಲೈನ್ ಸ್ಪ್ರೇ ಸಾಕು.

ಬಾವಿಗೆ, ಕಲ್ಯಾಣಿಗೆ ಜಿಗಿಯುವವರು ನೋಸ್ ಕ್ಲಿಪ್ ಹಾಕಲೇಬೇಕು. ಮೂಗು ಬಿಡಿಸುವ ಡ್ರಾಪ್ಸ್ 3 ದಿನ ದಾಟಿದರೆ ಕಟ್ಟುವುದು ಇನ್ನೂ ಜಾಸ್ತಿ. ಜ್ವರ 3–4 ದಿನ ದಾಟಿದರೆ, ಇಲ್ಲವೇ ಮುಖದ ನೋವು, ಹಸಿರು ಸಿಂಬಳ 10 ದಿನವಾದರೂ ಇಳಿಯದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಜ್ವರದ ಜೊತೆ ವಿಪರೀತ ತಲೆನೋವು, ವಾಂತಿ, ಕತ್ತು ಬಿಗಿತ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಎಲ್ಲಿ ಈಜಿದ್ದು ಅಂತಲೂ ಹೇಳಿ.