ಸಾಕ್ಷಿ ಹೇಳಲು ಹೋಗಿ ಮೆಟ್ಟಿಲು ಗುಡಿಸಿದ್ದು

ಹೊರಡುವ ಹಿಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಚರ್ಚಿನ ಸ್ತ್ರೀ ಸಂಘದವರು ಯೇಸುವಿನ ಸುವಾರ್ತೆ ಸಾರುವ ಒಂದು ಕಟ್ಟು ಇಂಗ್ಲಿಷ್ ಕರಪತ್ರ ತಂದು ನನ್ನ ಕೈಗಿಟ್ಟರು. "ಟೀಚರ್, ಜರ್ಮನಿಯಲ್ಲಿ ಈಗ ಚರ್ಚೆಲ್ಲಾ ಖಾಲಿಯಂತೆ. ಸುಮ್ನೆ ತಿರುಗಾಡಿ ಬರಬೇಡಿ" ಅಂದರು. ಸೂಟ್‌ಕೇಸಿನಲ್ಲಿ ಆಗಲೇ ಎರಡು ಕಿಲೋ ಕಾಫಿ ಪುಡಿ, ಬೆಲ್ಲ, ಕರಿಮೆಣಸು, ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿದ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಬಾಟಲಿ ಇದ್ದವು. ಕಟ್ಟು ಸೇರಿಸಿದ್ದಕ್ಕೆ ತೂಕ ಜಾಸ್ತಿಯಾಯಿತು. ಒಂದು ಸ್ವೆಟರ್ ತೆಗೆದು ಮನೆಯಲ್ಲೇ ಬಿಟ್ಟೆ. ಆ ಸ್ವೆಟರನ್ನು ಆಮೇಲೆ ಬಹಳ ಸಲ ನೆನೆಸಿಕೊಂಡಿದ್ದೇನೆ.

ಅದು 2023ರ ಮೇ ತಿಂಗಳು. ಮಗಳು ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾಳೆ. ನೆಕಾರ್ ಹೊಳೆ, ಗುಡ್ಡದ ಮೇಲೆ ದ್ರಾಕ್ಷಿ ತೋಟ, ಎರಡು ಗೋಪುರಗಳ ನಡುವೆ ಸೇತುವೆ ಕಟ್ಟಿದ ಹಳೇ ಚರ್ಚು. ಎರಡೂವರೆ ತಿಂಗಳು ಅವಳ ಜೊತೆ ಇರಲು ಹೋಗಿದ್ದೆ. ಈ ಕಡೆ ಕೊಡಗಿನ ಅಮ್ಮತ್ತಿಯಲ್ಲಿ ಯಜಮಾನರು ತೋಟ, ನಾಯಿ, ಮಳೆ ಎಲ್ಲಾ ನೋಡಿಕೊಂಡರು.

ವಿಮಾನದಲ್ಲಿ ಪಕ್ಕದ ಸೀಟಿನ ಹುಡುಗನಿಗೆ ಮೊದಲ ಕರಪತ್ರ ಕೊಟ್ಟೆ. ಥ್ಯಾಂಕ್ಸ್ ಅಂದ, ಮಡಚಿ ಮುಂದಿನ ಸೀಟಿನ ಜೇಬಿಗೆ ತುರುಕಿದ, ಕಿವಿಗೆ ಹೆಡ್‌ಫೋನ್ ಏರಿಸಿದ. ಊಟಕ್ಕೂ ತೆಗೆಯಲಿಲ್ಲ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಪಾಠ ಮಾಡಿದವಳು ನಾನು. ಕೇಳಲು ಮನಸ್ಸಿಲ್ಲದ ಕಿವಿ ಯಾವುದು ಅಂತ ನೋಡಿದ ಕೂಡಲೇ ತಿಳಿಯಬೇಕಿತ್ತು. ಆ ಕಟ್ಟನ್ನು ಮತ್ತೆ ಬಿಚ್ಚಲಿಲ್ಲ.

ಕರಪತ್ರದ ವಿಷಯ ಬಂದಿದ್ದಕ್ಕೆ ಒಂದು ಮಾತು. ಇದಕ್ಕೂ ಕೆಲವು ವರ್ಷ ಮುಂಚೆ ದುಬೈನಲ್ಲಿ ತಂಗಿ ಮನೆಗೆ ಹೋಗಿದ್ದೆ. ಅಲ್ಲಿ ಚರ್ಚುಗಳಿವೆ, ಆರಾಧನೆಗೆ ಅಡ್ಡಿಯಿಲ್ಲ. ಆಗ ಶುಕ್ರವಾರ ರಜೆಯಾದ್ದರಿಂದ ಶುಕ್ರವಾರವೇ ಚರ್ಚು ತುಂಬುತ್ತಿತ್ತು. ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾಗಿದ್ದು 2022ರಲ್ಲಿ. ಆದರೆ ಬೇರೆ ಧರ್ಮದವರಿಗೆ ನಮ್ಮ ಮತ ಪ್ರಚಾರ ಮಾಡುವುದು, ಕರಪತ್ರ ಹಂಚುವುದು ಅಲ್ಲಿ ಕಾನೂನಿಗೆ ವಿರುದ್ಧ. ಗಲ್ಫಿಗೆ ಹೋಗುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೀವು ಮೂರು ವಾರ ಇದ್ದು ವಾಪಸ್ ಬರುತ್ತೀರಿ. ಕೆಲಸ ಹೋಗುವುದು ನಿಮ್ಮನ್ನು ಕರೆಸಿಕೊಂಡವರದು.

ಜರ್ಮನಿಯಲ್ಲಿ ಅಂಥ ಭಯವಿಲ್ಲ. ಅಲ್ಲಿ ಬೇರೆ ತೊಂದರೆ. ಯಾರೂ ಏನೂ ಕೇಳುವುದಿಲ್ಲ. ಮಗಳು ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ನನಗೆ ಗೊತ್ತಿದ್ದ ಜರ್ಮನ್ ಅಂದರೆ ನಮಸ್ಕಾರ ಮತ್ತು ಧನ್ಯವಾದ. ಇಷ್ಟರಲ್ಲಿ ಯಾವ ಸುವಾರ್ತೆ ಸಾರುವುದು?

ಆ ಸೀಮೆಯಲ್ಲಿ ಕೇರ್‌ವೋಹೆ ಅಂತ ಒಂದು ಪದ್ಧತಿ ಇದೆ. ಗುಡಿಸುವ ವಾರ ಅಂತ ಅರ್ಥ. ಒಂದೇ ಕಟ್ಟಡದಲ್ಲಿರುವ ಮನೆಗಳವರು ಸರದಿ ಮೇಲೆ ಮೆಟ್ಟಿಲು, ಮುಂಬಾಗಿಲು ಎಲ್ಲಾ ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಸಣ್ಣ ಹಲಗೆ ನೇತಾಡುತ್ತದೆ. ಒಂದು ದಿನ ಹಲಗೆ ಎದುರು ಮನೆಗೆ ಹೋಯಿತು. ಆ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಒಬ್ಬರೇ. ಮಂಡಿ ನೋವು, ಮೆಟ್ಟಿಲು ಇಳಿಯಲು ಹತ್ತು ನಿಮಿಷ. ಪಾಪ ಅನ್ನಿಸಿ ಅವರ ಪಾಲಿನ ಮೆಟ್ಟಿಲನ್ನೂ ನಾನೇ ಗುಡಿಸಿ ಒರೆಸಿದೆ. ಅಜ್ಜಿ ಬಾಗಿಲು ತೆಗೆದು ನೋಡಿದರು. ಖುಷಿ ಪಡುತ್ತಾರೆ ಅಂದುಕೊಂಡೆ. ಬೈದರು! ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯುತ್ತದೆ. ಇದು ನನ್ನ ವಾರ, ನೀನು ಯಾಕೆ ಮಾಡಿದೆ, ನನ್ನ ಕೈಲಿ ಆಗಲ್ಲ ಅಂದುಕೊಂಡೆಯಾ ಅಂತ. ಸಂಜೆ ಮಗಳನ್ನು ಕರೆದುಕೊಂಡು ಹೋಗಿ ಕ್ಷಮೆ ಕೇಳಿದೆ. ಆಗ ಅವರೇ ಒಳಗೆ ಕೂರಿಸಿ ಕೇಕ್ ಕೊಟ್ಟರು. ಮಾರನೇ ದಿನ ನಾನು ಬೆಲ್ಲದ ಕಾಫಿ ಮಾಡಿ ಒಯ್ದೆ. ಹಾಲಿಲ್ಲದ ಕಾಫಿಗೆ ಈ ಪರಿಮಳ ಎಲ್ಲಿಂದ ಅಂತ ಲೋಟದೊಳಗೆ ಮೂಗಿಟ್ಟು ನೋಡಿದರು.

ಅಲ್ಲಿಂದ ದಿನಾ ಹನ್ನೊಂದು ಗಂಟೆಗೆ ಕಾಫಿ. ನಡುವೆ ಮೇಜಿನ ಮೇಲೆ ಮೊಬೈಲ್. ನಾನು ಕನ್ನಡದಲ್ಲಿ ಹೇಳಿದರೆ ಅದು ಜರ್ಮನ್‌ನಲ್ಲಿ ಹೇಳುತ್ತದೆ. ಒಂದು ದಿನ ಧೈರ್ಯ ಮಾಡಿ, "ನಾನು ನಿಮಗೆ ನನ್ನ ಸಾಕ್ಷಿ ಹೇಳಲಾ?" ಅಂದೆ. ಅಜ್ಜಿಯ ಮುಖ ಗಂಭೀರವಾಯಿತು. "ಯಾವ ಕೇಸು? ಪೊಲೀಸರು ಬಂದಿದ್ದರಾ?" ಅಂತ ಕೇಳಿದರು. ನಮ್ಮ ಸಭೆಯಲ್ಲಿ ಸಾಕ್ಷಿ ಅಂದರೆ ದೇವರು ತನ್ನ ಬದುಕಿನಲ್ಲಿ ಮಾಡಿದ್ದನ್ನು ಹೇಳಿಕೊಳ್ಳುವುದು. ಮೊಬೈಲು ಅದನ್ನು ಕೋರ್ಟಿನ ಸಾಕ್ಷಿ ಮಾಡಿಬಿಟ್ಟಿತ್ತು. ಅರ್ಥ ಬಿಡಿಸಿ ಹೇಳುವಷ್ಟರಲ್ಲಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಸಾಕ್ಷಿ ಅಲ್ಲಿಗೇ ನಿಂತಿತು. ಆದರೆ ಆ ದಿನದಿಂದ ನಮ್ಮ ಸಭೆಯ ಮಾತುಗಳನ್ನು ನಾನೇ ಕಿವಿಗೊಟ್ಟು ಕೇಳತೊಡಗಿದೆ. ಕರ್ತನು, ಅಭಿಷೇಕ, ಭಾರ, ಹೊರೆ, ಬಿಡುಗಡೆ. ಒಳಗಿನವರಿಗೆ ಸರಿ. ಹೊರಗಿನವರಿಗೆ ಇವು ಏನು ಕೇಳಿಸುತ್ತವೆ?

ನಗು ನಿಂತ ಮೇಲೆ ಅಜ್ಜಿ ತಮ್ಮ ವಿಷಯ ಹೇಳಿದರು. ಚಿಕ್ಕಂದಿನಲ್ಲಿ ದೃಢೀಕರಣ (ತನ್ನ ನಂಬಿಕೆಯನ್ನು ಚರ್ಚಿನಲ್ಲಿ ತಾನೇ ಒಪ್ಪಿಕೊಳ್ಳುವ ವಿಧಿ) ಆಗಿತ್ತು, ಮದುವೆಯೂ ಚರ್ಚಿನಲ್ಲೇ. ಗಂಡ ತೀರಿಹೋದ ಮೇಲೆ ಚರ್ಚು ಬಿಟ್ಟರು. ಅಲ್ಲಿ ಬಿಡುವುದು ಅಂದರೆ ನಮ್ಮ ಹಾಗೆ ಭಾನುವಾರ ಹೋಗದೇ ಇರುವುದಲ್ಲ, ಕಚೇರಿಗೆ ಹೋಗಿ ಬರೆದುಕೊಡಬೇಕು. ಸದಸ್ಯರಾಗಿದ್ದವರಿಂದ ಆದಾಯ ತೆರಿಗೆಯ ಜೊತೆ ಚರ್ಚಿನ ತೆರಿಗೆಯನ್ನೂ ಸರ್ಕಾರವೇ ವಸೂಲಿ ಮಾಡುತ್ತದೆ. ಆ ರಾಜ್ಯದಲ್ಲಿ ಅದು ಆದಾಯ ತೆರಿಗೆಯ ಶೇಕಡಾ 8. ನಮ್ಮ ಖಜಾಂಚಿಯವರಿಗೆ ಇದನ್ನು ಹೇಳಿದಾಗ ಅವರ ಕಣ್ಣು ಹೊಳೆದಿದ್ದನ್ನು ನೋಡಬೇಕಿತ್ತು. ಅಜ್ಜಿ ಬಿಟ್ಟಿದ್ದು ದುಡ್ಡಿಗಲ್ಲ. ಯಾಕೆ ಅಂತ ನಾನು ಕೇಳಲಿಲ್ಲ.

ಜೂನ್ ಕೊನೆಗೆ ಮಗಳು ಆಫೀಸಿನವರನ್ನು ಊಟಕ್ಕೆ ಕರೆದಳು. ಅಜ್ಜಿಯನ್ನೂ ಕರೆದೆವು. ಹಂದಿ ಮಾಂಸದ ಪಂದಿ ಕರಿ, ಅಕ್ಕಿ ತರಿಯ ಉಂಡೆ ಕಡಂಬುಟ್ಟು. ಕಾಚಂಪುಳಿ ಬಾಟಲಿ ಕೈಯಿಂದ ಕೈಗೆ ಹೋಗಿ ಎಲ್ಲರೂ ಮೂಸಿ ಮುಖ ಸಿಂಡರಿಸಿದರು. ಊಟಕ್ಕೆ ಮುಂಚೆ ನಾನು ತಲೆ ಬಗ್ಗಿಸಿ ಪ್ರಾರ್ಥನೆ ಮಾಡಿದ್ದನ್ನು ಒಬ್ಬ ಹುಡುಗ ಗಮನಿಸಿದ್ದ. ನೀವು ಕ್ರೈಸ್ತರಾ, ಹೇಗೆ ಅಂತ ಕೇಳಿದ.

ನಿಮ್ಮ ಊರಿನಿಂದಲೇ ಅಂದೆ. ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಅಲ್ಲಿಂದ ದೂರವಿಲ್ಲದ ಬ್ರಾಕನ್‌ಹೈಮ್‌ನಲ್ಲಿ. ತೀರಿಕೊಂಡಿದ್ದು 1881ರಲ್ಲಿ ಇದೇ ಎಸ್ಲಿಂಗನ್‌ನಲ್ಲಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಅವರನ್ನು ಮಂಗಳೂರಿಗೆ ಕಳಿಸಿತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತೆಗೆದವರು ಅವರೇ. ಕ್ರೈಸ್ತ ಪಾದ್ರಿಯಾಗಿದ್ದುಕೊಂಡು ದಾಸರ ಪದಗಳನ್ನು ಸಂಗ್ರಹಿಸಿ ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. 1850ರ ದಶಕದಲ್ಲಿ ಕೊಡಗಿಗೆ ಬಂದು ಅಮ್ಮತ್ತಿ ಹತ್ತಿರ ಆನಂದಪುರ ಅನ್ನುವ ಕ್ರೈಸ್ತರ ಊರು ಕಟ್ಟಿದರು. ಹೆಂಡತಿಗೆ ಕಾಯಿಲೆಯಾಗಿ 1860ರಲ್ಲಿ ವಾಪಸ್ ಹೋದರು. ನಮ್ಮ ತಾತನ ಅಜ್ಜ ಆನಂದಪುರದವರು. ಮೇಜಿನ ಸುತ್ತ ಇದ್ದ ಒಬ್ಬರೂ ಆ ಹೆಸರು ಕೇಳಿರಲಿಲ್ಲ. ಅಜ್ಜಿ ಹುಟ್ಟಿ ಬೆಳೆದಿದ್ದೇ ಆ ಊರಿನಲ್ಲಿ, ಅವರಿಗೂ ಗೊತ್ತಿಲ್ಲ.

ಹುಡುಗ ಚಮಚ ಕೆಳಗಿಟ್ಟ. "ನಮ್ಮವರು ಬಂದು ನಿಮ್ಮ ದೇವರನ್ನು ಕಿತ್ತುಕೊಂಡರು. ನಿಮಗೆ ನಮ್ಮ ಮೇಲೆ ಸಿಟ್ಟಿಲ್ಲವಾ?" ಅಂದ.

ಈ ಪ್ರಶ್ನೆಗೆ ನನ್ನ ಹತ್ತಿರ ಕರಪತ್ರ ಇರಲಿಲ್ಲ. ಒಂದು ನಿಮಿಷ ಸುಮ್ಮನಿದ್ದೆ. ಆಮೇಲೆ ಹೇಳಿದೆ. ನಮ್ಮ ಹಿರಿಯರು ಬೇರೆಯವರ ಗದ್ದೆಯಲ್ಲಿ ದುಡಿಯುತ್ತಿದ್ದವರು. ದೇವಸ್ಥಾನದ ಒಳಗೆ ಅವರಿಗೆ ಜಾಗ ಇರಲಿಲ್ಲ, ಪುಸ್ತಕ ಮುಟ್ಟಿದವರಲ್ಲ. ಕಿತ್ತುಕೊಳ್ಳಲು ಅವರ ಕೈಯಲ್ಲಿ ಏನಿತ್ತು? ಅಕ್ಷರ ಕೊಟ್ಟವರು, ಜೊತೆಗೆ ಕೂರಿಸಿಕೊಂಡವರು ಇವರು. ಹಾಗಂತ ಮಿಷನರಿಗಳು ಮಾಡಿದ್ದೆಲ್ಲಾ ಸರಿ ಅನ್ನುವುದಿಲ್ಲ. ನಮ್ಮ ಜನರನ್ನು ಬುದ್ಧಿ ಬಾರದ ಮಕ್ಕಳ ಹಾಗೆ ಕಂಡು ಬರೆದಿದ್ದೂ ಇದೆ, ಅದನ್ನು ಓದಿದರೆ ನನಗೂ ಸಿಟ್ಟು ಬರುತ್ತದೆ.

"ಅದು ನಿಮ್ಮ ತಾತನ ಅಜ್ಜನ ಕಥೆ. ನೀವು ಯಾಕೆ ನಂಬುತ್ತೀರಿ?" ಅಂತ ಮತ್ತೆ ಕೇಳಿದ.

ಕಾದಿದ್ದ ಅವಕಾಶ ಅಂದರೆ ಇದೇ. ಆದರೆ ಬಾಯಿಗೆ ಬಂದಿದ್ದು ನಾನು ತಯಾರಿ ಮಾಡಿಕೊಂಡಿದ್ದಲ್ಲ. ಕೊಡಗಿನಲ್ಲಿ ಮಳೆಗೆ ಗುಡ್ಡ ಕುಸಿದ 2018ರ ಆಗಸ್ಟ್ ಬಾಯಿಗೆ ಬಂತು. ಮಕ್ಕಂದೂರು ಕಡೆ ನನ್ನ ತಮ್ಮನ ಮನೆ, ತೋಟ ಗುಡ್ಡದ ಜೊತೆ ಕೆಳಗೆ ಹೋದವು. ಜೀವ ಉಳಿಯಿತು. ಆ ವಾರ ನನಗೆ ಪ್ರಾರ್ಥನೆಯೇ ಬರಲಿಲ್ಲ. ಪರಿಹಾರ ಕೇಂದ್ರದಲ್ಲಿ ಅನ್ನ ಬಡಿಸುತ್ತಿದ್ದೆ, ದೇವರ ಮೇಲೆ ಕೋಪ. ನಮ್ಮ ಸಭೆಯ ವಯಸ್ಸಾದ ಒಬ್ಬಮ್ಮ ಪಕ್ಕದಲ್ಲಿ ನಿಂತು, "ನಿಮಗೆ ಆಗದಿದ್ದರೆ ಬಿಡಿ ಟೀಚರ್, ಈ ವಾರ ನಿಮ್ಮ ಪಾಲಿನ ಪ್ರಾರ್ಥನೆಯನ್ನೂ ನಾನೇ ಮಾಡ್ತೇನೆ" ಅಂದರು. ನಾನು ನಂಬಿಕೆಯಲ್ಲಿ ಉಳಿದುಕೊಂಡಿದ್ದು ಆ ಮಾತಿನಿಂದ. ಇಷ್ಟು ಹೇಳಿ ನಿಲ್ಲಿಸಿದೆ. ಮಗಳು ಅನುವಾದ ಮಾಡುತ್ತಾ ಒಂದು ಕಡೆ ತಡೆದಳು. ಅವಳಿಗೂ ಇದು ಗೊತ್ತಿರಲಿಲ್ಲ.

ಹುಡುಗ ತಲೆಯಾಡಿಸಿ ಪಂದಿ ಕರಿಗೆ ಏನೇನು ಹಾಕಿದಿರಿ ಅಂತ ಕೇಳಿದ. ಅಜ್ಜಿ ಏನೂ ಮಾತಾಡಲಿಲ್ಲ.

ನಾಲ್ಕು ದಿನ ಬಿಟ್ಟು ಅಜ್ಜಿ ಬಾಗಿಲು ತಟ್ಟಿದರು. ಗಂಡನ ಸಮಾಧಿಯ ಹೂವಿಗೆ ನೀರು ಹಾಕಲು ಹೋಗಬೇಕು, ಬರುತ್ತೀಯಾ ಅಂತ. ಅಲ್ಲಿನ ಸ್ಮಶಾನ ನಮ್ಮ ಮಡಿಕೇರಿಯ ರಾಜಾಸೀಟಿನ ತೋಟದ ಹಾಗೆ ಅಚ್ಚುಕಟ್ಟು. ಗೇಟಿನ ಹತ್ತಿರ ನೀರಿನ ಕ್ಯಾನುಗಳು ಸಾಲಾಗಿ ನೇತಾಡುತ್ತವೆ. ನಾನು ಕ್ಯಾನು ಹೊತ್ತೆ, ಈ ಸಲ ಬೈಯಲಿಲ್ಲ. ನೀರು ಹಾಕಿ ಮುಗಿದ ಮೇಲೆ ಕೈ ಸನ್ನೆಯಲ್ಲಿ ನಿನ್ನ ಭಾಷೆಯಲ್ಲಿ ಪ್ರಾರ್ಥನೆ ಮಾಡು ಅಂದರು. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಶುರು ಮಾಡಿದೆ. ಎರಡನೇ ಸಾಲಿಗೆ ಅವರೂ ಸಣ್ಣ ದನಿಯಲ್ಲಿ ಜರ್ಮನ್‌ನಲ್ಲಿ ಸೇರಿದರು. ಒಂದೊಂದು ಕಡೆ ಮರೆತು ನಿಂತರು, ನಾನೂ ನಿಂತೆ. ಮೊಬೈಲು ಬ್ಯಾಗಿನಲ್ಲೇ ಇತ್ತು.

ವಾಪಸ್ ಬಂದ ಮೇಲೆ ಸ್ತ್ರೀ ಸಂಘದಲ್ಲಿ ವರದಿ ಕೇಳಿದರು. ಎಷ್ಟು ಹಂಚಿದಿರಿ? ಒಂದು. ಅಜ್ಜಿ ಚರ್ಚಿಗೆ ಮತ್ತೆ ಸೇರಿದರಾ? ಇಲ್ಲ. ಸೇರುವ ಮಾತನ್ನೂ ಆಡಿಲ್ಲ, ನಾನೂ ಎತ್ತಿಲ್ಲ. ಮಗಳ ಫೋನಿನಿಂದ ತಿಂಗಳಿಗೊಮ್ಮೆ ವೀಡಿಯೋ ಕಾಲ್ ಮಾಡುತ್ತಾರೆ, ಬಾಗಿಲ ಮೇಲಿನ ಹಲಗೆ ತೋರಿಸಿ ಇದು ನನ್ನ ವಾರ ಅಂತ ಬೆರಳಾಡಿಸುತ್ತಾರೆ. ಬೆಲ್ಲದ ಕಾಫಿ ಪುಡಿ ಮುಗಿದಿದೆ, ಕಳಿಸು ಅನ್ನುತ್ತಾರೆ. ಬೆಲ್ಲ ಬೇರೆ, ಪುಡಿ ಬೇರೆ ಅಂತ ಎಷ್ಟು ಸಲ ಹೇಳಿದರೂ ಅವರಿಗೆ ಅರ್ಥವಾಗಿಲ್ಲ.