ಸಮರಿ ಜಡ್ಜ್‌ಮೆಂಟ್ ದಾಟಿಸಿದ ಒಂದು ತಾರೀಖು

ಶಿಕಾಗೋದಲ್ಲಿ ಉದ್ಯೋಗಿಗಳ ಪರ ವಕೀಲಿಕೆ ಮಾಡ್ತೇನೆ. ಫೆಡರಲ್ ಕೋರ್ಟಿನ ತಾರತಮ್ಯದ ಕೇಸು ಜ್ಯೂರಿ ಮುಂದೆ ಹೋಗುವ ಮೊದಲು ಒಂದು ಗಂಡಾಂತರ ದಾಟಬೇಕು, ಅದೇ ಸಮರಿ ಜಡ್ಜ್‌ಮೆಂಟ್. "ಮುಖ್ಯ ಸಂಗತಿಗಳಲ್ಲಿ ತಕರಾರೇ ಇಲ್ಲ, ವಿಚಾರಣೆ ಬೇಡ, ಇಲ್ಲೇ ಮುಗಿಸಿ" ಅಂತ ಕಂಪನಿಯವರು ನಿಯಮ 56ರ ಕೆಳಗೆ ಅರ್ಜಿ ಹಾಕ್ತಾರೆ.

ನನ್ನ ಕಕ್ಷಿದಾರರು ಕನ್ನಡದವರೇ. ಬಡ್ತಿಯಲ್ಲಿ ತಾರತಮ್ಯ ಆಯಿತು ಅಂತ ಮಾರ್ಚ್ 4ಕ್ಕೆ ಎಚ್‌ಆರ್‌ಗೆ ದೂರು ಕೊಟ್ಟರು, ಏಪ್ರಿಲ್ ಕೊನೆಗೆ ಕೆಲಸ ಹೋಯಿತು. "ಸರ್, ಇಡೀ ಆಫೀಸಿಗೇ ಗೊತ್ತು" ಅಂತಿದ್ದರು. ಗೊತ್ತಿದ್ದರೆ ಸಾಲದು, ಅದನ್ನು ಪ್ರಮಾಣ ಮಾಡಿ ಹೇಳಿದವರು ಯಾರು, ಯಾವ ಪುಟದಲ್ಲಿ, ನನಗೆ ಬೇಕಾದ್ದು ಅದು.

ಬರೇ ದೂರಿನ ಬೆನ್ನಲ್ಲೇ ತೆಗೆದರು ಅಂದಮಾತ್ರಕ್ಕೆ ಸೇಡು ತೀರಿಸಿಕೊಂಡರು ಅಂತ ನಮ್ಮ ಕಡೆ ಕೋರ್ಟುಗಳು ಸಾಮಾನ್ಯವಾಗಿ ಒಪ್ಪೋಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ 2013ರ ನಾಸರ್ ತೀರ್ಪಿನ ನಂತರ, ದೂರು ಕೊಡದೇ ಇದ್ದಿದ್ದರೆ ಕೆಲಸ ಉಳಿಯುತ್ತಿತ್ತು ಅಂತಲೇ ತೋರಿಸಬೇಕು. ಮ್ಯಾನೇಜರ್ ಡಿಪೊಸಿಷನ್‌ನಲ್ಲಿ, ಅಂದರೆ ವಿಚಾರಣೆಗೆ ಮೊದಲು ಪ್ರಮಾಣ ಮಾಡಿ ಕೊಡುವ ಹೇಳಿಕೆಯಲ್ಲಿ, ಏನಂದರು ಗೊತ್ತಾ? ನನ್ನ ಕಕ್ಷಿದಾರರ ಮೇಲಿನ ಎಚ್ಚರಿಕೆ ಪತ್ರ ಜನವರಿಯಲ್ಲೇ, ಅಂದರೆ ದೂರಿಗೂ ಮೊದಲೇ, ಬರೆದಿಟ್ಟಿದ್ದೆ ಅಂದರು.

ಆ ಪತ್ರದ್ದು ಕಂಪನಿ ಕೊಟ್ಟಿದ್ದು ಪಿಡಿಎಫ್. ಮೂಲ ವರ್ಡ್ ಫೈಲೇ ಬೇಕು ಅಂತ ಹಟ ಹಿಡಿದೆ, ಎರಡು ತಿಂಗಳು ಕಾಗದ ಬರೆದೆ, ಕೊನೆಗೆ ಬಂತು. ಫೈಲ್ ಹುಟ್ಟಿದ ದಿನ ಮಾರ್ಚ್ 6, ಬೆಳಿಗ್ಗೆ 9:12. ಕಾಪಿ ಮಾಡಿದರೆ ತಾರೀಖು ಬದಲಾಗುತ್ತೆ ಅಂತ ಅವರು ವಾದಿಸಬಹುದಿತ್ತು, ಅಲ್ವಾ? ಅದಕ್ಕೇ ಎಚ್‌ಆರ್‌ನವರನ್ನು ಪ್ರಮಾಣದ ಮೇಲೆ ಕೇಳಿದೆ, ಇದಕ್ಕೂ ಹಿಂದಿನ ಕರಡು ಏನಾದರೂ ಇದೆಯಾ? ಇಲ್ಲ ಅಂದರು. ಆ ಒಂದು ಸಾಲು ಸಿಕ್ಕಿದ್ದು ದೊಡ್ಡದು, ಯಾಕಂದರೆ ಕಂಪನಿ ಕೊಟ್ಟ ಕಾರಣ ಸುಳ್ಳು ಅನ್ನಿಸಿದರೆ ಅದರಿಂದಲೇ ಜ್ಯೂರಿ ಒಳಗಿನ ಉದ್ದೇಶ ಊಹಿಸಬಹುದು ಅಂತ ಅದೇ ಸುಪ್ರೀಂ ಕೋರ್ಟಿನ 2000ರ ರೀವ್ಸ್ ತೀರ್ಪು ಹೇಳುತ್ತೆ.

ಜಾಸ್ತಿ ಬೆವರು ಹರಿದದ್ದು ಉತ್ತರ ಬರೆಯುವಾಗ. ಇಲ್ಲಿನ ಸ್ಥಳೀಯ ನಿಯಮ 56.1ರ ಪ್ರಕಾರ ಕಂಪನಿ ತನ್ನ ಸಂಗತಿಗಳನ್ನು ನಂಬರ್ ಹಾಕಿ ಕೊಡುತ್ತೆ, ನಾವು ಒಂದೊಂದಕ್ಕೂ ಪುಟ, ಸಾಲು ತೋರಿಸಿ ಉತ್ತರ ಕೊಡಬೇಕು. ಸುಮ್ನೆ "ಒಪ್ಪುವುದಿಲ್ಲ" ಅಂತ ಬರೆದು ಕೈತೊಳೆದುಕೊಂಡರೆ ಒಪ್ಪಿದ ಹಾಗೇ ಅಂತ ಕೋರ್ಟು ತೆಗೆದುಕೊಳ್ಳಬಹುದು. 74 ಪ್ಯಾರಾ ಇದ್ದವು. ನಿಜ ಇದ್ದದ್ದನ್ನೆಲ್ಲ ಒಪ್ಪಿಕೊಂಡೆ. ಹಾಗೆ ಮಾಡಿದರೇ ಉಳಿದ ತಕರಾರಿಗೆ ತೂಕ.

ತಾರತಮ್ಯದ ಆರೋಪ ಬಿದ್ದುಹೋಯಿತು. ಬಡ್ತಿ ಸಿಕ್ಕವರ ಅನುಭವ ಹೆಚ್ಚಿತ್ತು, ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ, ಕಕ್ಷಿದಾರರಿಗೆ ಅದನ್ನು ಫೋನಿನಲ್ಲಿ ಹೇಳುವಾಗ ನನಗೂ ಸಂಕಟ ಆಯಿತು. ಸೇಡು ತೀರಿಸಿಕೊಂಡರು ಅನ್ನುವ ಆರೋಪ ಉಳಿಯಿತು. ಆದೇಶದಲ್ಲಿ ಮಾರ್ಚ್ 6 ಅನ್ನುವ ತಾರೀಖು ಎರಡು ಕಡೆ ಇತ್ತು.